ಶರಾವತಿಯ ಧಕ್ಕೆಯಲ್ಲಿ ಎರಡು ಸಲ ಜಗ್ಗಿದ ಹಗ್ಗ

ನಂಬುವುದು ಬಿಡುವುದು ನಿಮ್ಮ ಇಷ್ಟ. ಮೂವತ್ತು ವರ್ಷ ಪೊಲೀಸ್ ಖಾತೆಯಲ್ಲಿ ಸವೆದವನು ನಾನು. ಸುಳ್ಳು ಹೇಳುವವರ ಮುಖ ನೋಡಿ ಸಾಕಾಗಿದೆ, ನಾನೇ ಸುಳ್ಳು ಬರೆದೂ ಅಭ್ಯಾಸವಿದೆ. ಆದರೆ ಇದರಲ್ಲಿ ಒಂದಕ್ಷರ ಕೂಡ ಕಟ್ಟಿದ್ದಲ್ಲ. ಬಿಳಿ ಸೀರೆಯ ಹೆಂಗಸು, ಹಿಂದುಮುಂದಾದ ಪಾದ ಎಂದೆಲ್ಲ ಕಾಯುವವರಿದ್ದರೆ ಈಗಲೇ ಎದ್ದು ಹೋಗಿ, ಆಮೇಲೆ ನನ್ನನ್ನು ಬೈಯಬೇಡಿ. ನಾನು ಅಂಥದ್ದೇನನ್ನೂ ಕಣ್ಣಿಂದ ನೋಡಲಿಲ್ಲ. ಕೈಗೆ ಗೊತ್ತಾಯಿತು, ಅಷ್ಟೇ...

ಅರವತ್ತರ ದಶಕ ಶುರುವಾಗಿತ್ತು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಬಂದವರು ಕಾಸರಕೋಡಿನಲ್ಲಿ ಮೋಟಾರು ಇಳಿದು, ಲಾಂಚಿನಲ್ಲಿ ಹೊಳೆ ದಾಟಿ, ಹೊನ್ನಾವರದಲ್ಲಿ ಮತ್ತೆ ಮೋಟಾರು ಹತ್ತಬೇಕು. ನಾನು ಹಾನಗಲ್ ಕಡೆಯವನು. ಇಪ್ಪತ್ಮೂರು ವರ್ಷ ವಯಸ್ಸು. ಸಮುದ್ರವನ್ನು ನೋಡಿದ್ದೇ ನೌಕರಿಗೆ ಬಂದ ಮೇಲೆ. ಈಜು ಬಾರದು. ಯಾವ ಠಾಣೆಯಲ್ಲಿದ್ದೆ ಎಂಬುದು ಬೇಡ, ಅಲ್ಲಿ ಈಗ ಬೇರೆಯವರ ಮಕ್ಕಳು ನೌಕರಿ ಮಾಡುತ್ತಿದ್ದಾರೆ.

ಒಂದು ದಿನ ಫೌಜದಾರರು ನನ್ನನ್ನೂ ನಮ್ಮ ಜಮಾದಾರರನ್ನೂ ಕರೆದು ಒಂದು ಹುಕುಂ ಕೈಗಿಟ್ಟರು. ಮುರ್ಡೇಶ್ವರದ ಹತ್ತಿರ ಹೊನ್ನಪ್ಪ ಎಂಬ ಹುಚ್ಚನಿದ್ದಾನೆ, ಅವನನ್ನು ಧಾರವಾಡದ ಆಸ್ಪತ್ರೆಗೆ ಒಪ್ಪಿಸಿ ಬರಬೇಕು ಎಂದು ಮ್ಯಾಜಿಸ್ಟ್ರೇಟರು ಬರೆದದ್ದು. ಊರವರ ಅರ್ಜಿಯೂ ಜೊತೆಗಿತ್ತು. ಅಣ್ಣ ಹೊಳೆಯಲ್ಲಿ ಮುಳುಗಿ ಸತ್ತ ಮೇಲೆ ಇವನಿಗೆ ತಲೆ ಕೆಟ್ಟಿದೆ, ರಾತ್ರಿ ಕಂಡವರ ಬಾವಿಕಟ್ಟೆಯ ಮೇಲೆ ಕೂತು ಹಗ್ಗ ಎಳೆಯುತ್ತಾನೆ, ಮೊನ್ನೆ ಒಂದು ಮನೆಗೆ ನುಗ್ಗಿ ತೊಟ್ಟಿಲ ಹಗ್ಗ ಜಗ್ಗಿದ್ದಾನೆ, ಕೂಸು ಕೆಳಗೆ ಬಿದ್ದಿದೆ. ಪುಣ್ಯಕ್ಕೆ ಕೂಸಿಗೆ ಏನೂ ಆಗಿರಲಿಲ್ಲ. ಆದರೆ ಊರು ಹೆದರಿತ್ತು.

ನಾವು ಹೋದಾಗ ಅವನು ಜಗುಲಿಯ ಮೇಲೆ ಕೂತಿದ್ದ. ನನ್ನದೇ ವಯಸ್ಸು. ಹೊಡೆಯುವವನೂ ಅಲ್ಲ, ಬೈಯುವವನೂ ಅಲ್ಲ. ತೊಡೆಯ ಮೇಲೆ ಒಂದು ಉದ್ದನೆಯ ನಾರಿನ ಹಗ್ಗ ಸುರುಳಿ ಸುತ್ತಿ ಇಟ್ಟುಕೊಂಡು, ಅದನ್ನೇ ನೋಡುತ್ತಿದ್ದ. ನಮ್ಮ ಟೋಪಿ ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಬೇಡಿಗಳೆಲ್ಲ ಕಾರವಾರಕ್ಕೆ ಹೋದ ಕಳ್ಳರ ಕೈಯಲ್ಲಿದ್ದವು. ಜಮಾದಾರರು ಆ ಹಗ್ಗವನ್ನೇ ಕಸಿದು ಅವನ ಸೊಂಟಕ್ಕೆ ಬಿಗಿದರು.

ಅವನ ತಾಯಿ ಮಾದೇವಿ ಒಳಗಿಂದ ಓಡಿ ಬಂದಳು. ಶರಾವತಿ ದಂಡೆಯ ಮನೆ ಬಿಟ್ಟು, ಮಗನ ಕಣ್ಣಿಗೆ ಹೊಳೆ ಬೀಳಬಾರದೆಂದೇ ತವರಿಗೆ ಬಂದು ನಿಂತವಳು ಅವಳು. ಗಂಡನಿಲ್ಲ. ಇದ್ದ ಇಬ್ಬರು ಮಕ್ಕಳಲ್ಲಿ ಉಳಿದವನು ಇವನೊಬ್ಬ.

"ಸಾಹೇಬ್ರೆ, ಅಲ್ಲಿ ಹೊಡೀತ್ರಾ ಅಂವಂಗೆ?"

"ಇಲ್ಲವ್ವ, ಔಷಧ ಕೊಡ್ತಾರ. ಆರಾಮ ಆಗಿ ಬರ್ತಾನ."

"ಅಂವ ಸುಳ್ಳು ಹೇಳವ ಅಲ್ಲ. ಹಗ್ಗ ಜಗ್ತದೆ ಅಂತ. ನಂಗೆ ಗೊತ್ತಾಗೂದಿಲ್ಲ, ಆದ್ರೂ ಅಂವ ಹೇಳ್ದ ಮೇಲೆ ಎಂತದೋ ಇರ್ಲೇಬೇಕು." ಅವಳು ನನ್ನ ಕೈ ಹಿಡಿದೇ ಬಿಟ್ಟಳು. "ಒಂದು ಉಪಕಾರ ಮಾಡಿ. ಹೊಳೆ ಮಾತ್ರ ಹಗಲಲ್ಲೇ ದಾಟ್ಸಿ. ರಾತ್ರಿ ನೀರ ಹತ್ರ ಇಡ್ಬೇಡಿ."

"ಆತವ್ವ. ನಾ ಇದ್ದೇನಲ್ಲ, ನನ್ನ ಜವಾಬ್ದಾರಿ" ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ ನೋಡಿ.

ದಾರಿಯಲ್ಲಿ ಮಂಕಿ ಎಂಬ ಊರಿನ ಹತ್ತಿರ ಮೋಟಾರಿನ ಗಾಲಿ ಕೂತಿತು. ಡ್ರೈವರು ಅದನ್ನು ಬಿಚ್ಚಿ, ಬೈದು, ಮತ್ತೆ ಹಾಕುವಷ್ಟರಲ್ಲಿ ಸಂಜೆ. ಲಾಂಚು ನಿಲ್ಲುವ ಕಾಸರಕೋಡು ಧಕ್ಕೆ ಮುಟ್ಟಿದಾಗ ಕತ್ತಲಾಗಿತ್ತು, ಕೊನೆಯ ಲಾಂಚು ಆಚೆ ದಂಡೆಗೆ ಹೋಗಿಯಾಗಿತ್ತು. ಒಂದು ಸಣ್ಣ ದೋಣಿ ಮಾತ್ರ ಇತ್ತು. ಅದರ ಅಂಬಿಗ, ಹೊನ್ನಪ್ಪನ ಸೊಂಟದ ಹಗ್ಗ ನೋಡಿದವನೇ, ತಲೆ ಅಲ್ಲಾಡಿಸಿದ.

"ನಿಮ್ಮನ್ನ ದಾಟಿಸ್ತೆ. ಅಂವನ್ನ ಆಗೂದಿಲ್ಲ. ನಡು ಹೊಳೇಲಿ ಎದ್ದು ನಿಂತ್ರೆ ಎಲ್ಲರೂ ಹೋತ್ರು."

ಜಮಾದಾರರಿಗೆ ಹೊನ್ನಾವರಕ್ಕೆ ಹೋಗಿ ಮುಂಜಾನೆಯ ಹುಬ್ಬಳ್ಳಿ ಮೋಟಾರಿನಲ್ಲಿ ಜಾಗ ಹಿಡಿಯಬೇಕಿತ್ತು. ಊಟವೂ ಬೇಕಿತ್ತು ಅನ್ನಿ. ಧಕ್ಕೆಯ ಮೇಲಿನ ಸಾಮಾನಿನ ಕೊಟ್ಟಿಗೆ ತೋರಿಸಿ, "ಇಲ್ಲೇ ಮಲಗಿಸು. ಹಗ್ಗದ ತುದಿ ನಿನ್ನ ಕೈಗೆ ಕಟ್ಟಿಕೋ" ಎಂದರು.

"ಸಾಹೇಬರ, ಅವರವ್ವ ನೀರಿನ ಹತ್ರ ಬ್ಯಾಡ ಅಂದಿದ್ಲು..."

"ಅವಳ ಮಾತು ಕೇಳಿ ಡ್ಯೂಟಿ ಮಾಡ್ತೀಯಾ? ಒಂದು ನೆನಪಿಡು. ಹುಚ್ಚರು ಏನೇ ಹೇಳಲಿ, ಹೂಂ ಅನ್ನಬೇಡ. ನೀನು ಒಪ್ಪಿದೆಯೋ, ಅವರನ್ನು ಹಿಡಿಯೋದಕ್ಕೆ ಆಗೋದಿಲ್ಲ. ಇಲ್ಲ ಅನ್ನು, ಸುಮ್ಮನಾಗು."

ಖಾತೆಯಲ್ಲಿ ಎಲ್ಲರೂ ಪಾಲಿಸುತ್ತಿದ್ದ ಪದ್ಧತಿ ಅದು. ನನಗೂ ಸರಿಯೆಂದೇ ಕಂಡಿತು. ಜಮಾದಾರರ ದೋಣಿ ಹೋಯಿತು, ಹುಟ್ಟಿನ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು.

ಕೊಟ್ಟಿಗೆ ನೀರಿನ ಮೇಲೆ ಮರದ ಕಂಬಗಳ ಮೇಲೆ ನಿಂತಿತ್ತು. ಹಲಗೆಯ ನೆಲ. ದೋಣಿಯಿಂದ ಮೂಟೆ ಮೇಲೆತ್ತಲು ನೆಲದ ನಡುವೆ ಒಂದು ಬಾಯಿ ಬಿಟ್ಟು, ಅದರ ಮೇಲೆ ಎರಡು ಹಲಗೆ ಮುಚ್ಚಿದ್ದರು. ಒಳಗೆಲ್ಲ ಒಣಮೀನಿನ ವಾಸನೆ, ಒದ್ದೆ ಗೋಣಿಯ ವಾಸನೆ. ಕೆಳಗೆ ನೀರು ಕಂಬಕ್ಕೆ ತಾಗಿ ಚಳಕ್... ಚಳಕ್... ಎನ್ನುತ್ತಿತ್ತು. ಎಲ್ಲೋ ನರಿ ಕೂಗಿತು. ಬಾಗಿಲಿಗೆ ಅಗಳಿ ಹಾಕಿ, ಅಡ್ಡಲಾಗಿ ನಾನೇ ಮಲಗಿದೆ. ಹಗ್ಗದ ತುದಿಯನ್ನು ಎಡ ಮುಂಗೈಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಹಗ್ಗ ಎಂಟು ಹತ್ತು ಮಾರು ಉದ್ದವಿತ್ತು, ಉಳಿದದ್ದು ಇಬ್ಬರ ನಡುವೆ ರಾಶಿ ಬಿದ್ದಿತ್ತು.

ಹೊನ್ನಪ್ಪ ಅವಲಕ್ಕಿ ಕೂಡ ತಿನ್ನಲಿಲ್ಲ. ಮಲಗುವ ಮುಂಚೆ ಒಂದೇ ಮಾತು ಕೇಳಿದ.

"ಸಾಹೇಬ್ರೆ, ಹಗ್ಗ ನಿಮ್ಮ ಕೈಲೇ ಅದೆ ಅಲ್ದಾ?"

"ಐತಿ, ಮಲಕೋ."

"ಹಂಗಾರೆ ಆತು" ಎಂದು ಆ ಕಡೆ ತಿರುಗಿದ. ಎಷ್ಟೋ ದಿನದಿಂದ ನಿದ್ದೆಯೇ ಮಾಡದವನಿಗೆ ಕಣ್ಣು ಹತ್ತಿತು. ನನಗೂ ಹತ್ತಿತು.

ಎಚ್ಚರವಾದದ್ದು ಮುಂಗೈ ಜಗ್ಗಿದ್ದಕ್ಕೆ.

ಎರಡು ಸಲ. ಜಗ್... ಜಗ್. ಆಮೇಲೆ ಏನೂ ಇಲ್ಲ.

ಇವನು ಮಗ್ಗಲು ಬದಲಿಸಿರಬೇಕು ಎಂದುಕೊಂಡೆ. ಲಾಟೀನು ಸಣ್ಣಗೆ ಉರಿಯುತ್ತಿತ್ತು. ನೋಡಿದೆ. ಹೊನ್ನಪ್ಪ ಎದ್ದು ಕೂತಿದ್ದ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅಲ್ಲಾಡದೆ ಕೂತಿದ್ದ. ಹಗ್ಗದ ರಾಶಿ ಅಲ್ಲಿರಲಿಲ್ಲ. ನೆಲದ ಬಾಯಿಗೆ ಮುಚ್ಚಿದ್ದ ಹಲಗೆಗಳ ನಡುವೆ ನಾಲ್ಕು ಬೆರಳಿನಷ್ಟು ಸಂದು ಇತ್ತು, ಅದರೊಳಗೆ ಜಾರಿ ಕೆಳಗೆ ನೀರಿಗೆ ಇಳಿದಿತ್ತು. ಒಂದು ಎಳೆ ಅವನ ಸೊಂಟದಿಂದ ಸಂದಿಗೆ ಹೋಗಿತ್ತು, ಇನ್ನೊಂದು ಎಳೆ ಸಂದಿಯಿಂದ ನನ್ನ ಕೈಗೆ ಬಂದಿತ್ತು.

"ಎಳೆದದ್ದು ನೀನೇನೋ?" ಎಂದೆ, ಪಿಸುದನಿಯಲ್ಲಿ. ಯಾಕೆ ಪಿಸುಗುಟ್ಟಿದೆನೋ ನನಗೇ ಗೊತ್ತಿಲ್ಲ.

ಅವನು ತಲೆ ಅಲ್ಲಾಡಿಸಿದ. "ಅಣ್ಣ."

ಆಗ ಅವನು ಮಾತಾಡಿದ. ತಗ್ಗಿದ ದನಿಯಲ್ಲಿ, ಯಾರಾದರೂ ಎದ್ದಾರೆಂಬಂತೆ.

"ಅಣ್ಣ ಚಿಪ್ಪಿಗೆ ಮುಳುಗ್ತಿದ್ದ, ಸುಣ್ಣದ ಭಟ್ಟಿಗೆ ಕೊಡೂಕೆ. ಹಗ್ಗ ಹಿಡೂದು ನಾನು. ಒಂದ್ ಸಲ ಜಗ್ಗಿದ್ರೆ ಸಡ್ಲ ಬಿಡು ಅಂತ. ಎರಡ್ ಸಲ ಜಗ್ಗಿದ್ರೆ ಮೇಲೆ ಎತ್ತು ಅಂತ. ಅವತ್ತು ನಾ ಬೀಡಿ ಹಚ್ಚೂಕೆ ಹಗ್ಗ ದೋಣಿ ಗೂಟಕ್ಕೆ ಸುತ್ತಿಟ್ಟೆ. ಗಾಳಿಗೆ ಕಡ್ಡಿ ಆರಿ ಹೋತಿತ್ತು... ಮೂರು ಕಡ್ಡಿ ಗೀರ್ದೆ ಸಾಹೇಬ್ರೆ. ಆಮೇಲೆ ಎಳದ್ರೆ ಹಗ್ಗ ಬಂತು, ಅಣ್ಣ ಬರ್ಲಿಲ್ಲ." ಅವನು ಸೊಂಟದ ಹಗ್ಗ ಮುಟ್ಟಿಕೊಂಡ. "ಇದೇ ಹಗ್ಗ."

ಹೆಣವೂ ಸಿಕ್ಕಿರಲಿಲ್ಲವಂತೆ.

ಅಷ್ಟರಲ್ಲಿ ಮತ್ತೆ. ಜಗ್... ಜಗ್.

ಈ ಸಲ ನಾನು ಪೂರ್ತಿ ಎಚ್ಚರವಿದ್ದೆ. ಅವನ ಎರಡೂ ಕೈ ನನ್ನ ಕಣ್ಣೆದುರಿಗಿದ್ದವು. ನನ್ನ ಮುಂಗೈ ಸಂದಿಯ ಕಡೆಗೆ ಒಂದು ಗೇಣು ಸರಿಯಿತು, ನಿಂತಿತು, ಇನ್ನೊಮ್ಮೆ ಸರಿಯಿತು. ಹರಿವ ನೀರು ಹಗ್ಗವನ್ನು ಎಳೆಯುತ್ತದೆ, ನಿಜ. ಆದರೆ ಹಾಗೆ ಎರಡು ಸಲ ಎಳೆದು ಬಿಡುವುದೇ?

ಹೊನ್ನಪ್ಪ ನನ್ನ ಕೈಯನ್ನೇ ನೋಡುತ್ತಿದ್ದ. ಅವನ ಮುಖ ಅರಳಿತು. ಒಂದು ವರ್ಷದಿಂದ ಊರೆಲ್ಲ ಹುಚ್ಚ ಹುಚ್ಚ ಎಂದು ಕರೆದಿದ್ದ ಮನುಷ್ಯ ಅವನು. ಅಂಥ ಆಸೆ ತುಂಬಿದ ಮುಖವನ್ನು ನಾನು ಆಮೇಲೆ ಯಾರಲ್ಲೂ ನೋಡಿಲ್ಲ.

"ನಿಮ್ಗೂ ಗೊತ್ತಾತು! ಸಾಹೇಬ್ರೆ, ನಿಮ್ಗೂ ಗೊತ್ತಾತು ಅಲ್ದಾ?"

ಒಂದು ಹೂಂ ಅಂದಿದ್ದರೆ ಆಗುತ್ತಿತ್ತು. ನನ್ನ ಗಂಟೇನು ಹೋಗುತ್ತಿತ್ತು?

"ಇಲ್ಲ" ಎಂದೆ. "ನಂಗೇನೂ ಗೊತ್ತಾಗಿಲ್ಲ. ಎಲ್ಲಾ ನಿನ್ನ ಭ್ರಮೆ. ಮಲಕೋ."

"ನಿಮ್ಮ ಕೈ ಸರೀತಲ್ಲ..."

"ಇಲ್ಲ ಅಂದ್ನಲ್ಲ!"

ಅವನು ಮೊಣಕಾಲೂರಿ ನನ್ನ ಹತ್ತಿರ ಬಂದ. ಕಣ್ಣಲ್ಲಿ ನೀರು. "ಒಂದೇ ಸಲ ಇಬ್ರೂ ಸೇರಿ ಎಳಿಯೂಣ. ಎಂತದೂ ಬರ್ದಿದ್ರೆ ಸುಮ್ನೆ ನಿಮ್ಮ ಸಂಗಡ ಆಸ್ಪತ್ರೆಗೆ ಬತ್ತೆ. ಅಬ್ಬೆ ಆಣೆ, ಮತ್ತೆ ಹಗ್ಗದ ಸುದ್ದಿ ಎತ್ತೂದಿಲ್ಲ. ಒಂದೇ ಸಲ."

ಎಳೆದರೆ ಏನು ಬರುತ್ತದೋ ಎಂಬ ಭಯ ನನಗೆ. ಅದನ್ನು ಅವನೆದುರು ಹೇಳಿಕೊಳ್ಳಲು ಖಾಕಿಯ ಮಾನ ಬಿಡಲಿಲ್ಲ. ಮುಂಗೈಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಎದ್ದು ಹೋಗಿ ಹಗ್ಗದ ತುದಿಯನ್ನು ಕೊಟ್ಟಿಗೆಯ ನಡುಗಂಬಕ್ಕೆ ಕಟ್ಟಿಬಿಟ್ಟೆ.

ಹೊನ್ನಪ್ಪ ಕಂಬವನ್ನು ನೋಡಿದ. ನನ್ನನ್ನು ನೋಡಿದ.

"ಕಟ್ಟಿಬಿಟ್ರಾ" ಎಂದ, ಅಷ್ಟೇ. ಜಗಳವಾಡಲಿಲ್ಲ. ಹೋಗಿ ತನ್ನ ಜಾಗದಲ್ಲಿ ಮಲಗಿ ಮುಸುಕೆಳೆದುಕೊಂಡ. ನೋಡು, ಜಮಾದಾರರು ಹೇಳಿದ್ದು ಸರಿ, ಸುಮ್ಮನಾದ ಎಂದುಕೊಂಡೆ. ಥೂ ನನ್ನ ಬುದ್ಧಿಗೆ.

ನಾನೂ ಕಂಬಳಿಯನ್ನು ತಲೆಯವರೆಗೆ ಎಳೆದು ಬಾಗಿಲಿಗೆ ಅಂಟಿಕೊಂಡು ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು? ಲಾಟೀನು ಎಣ್ಣೆ ಮುಗಿದು ಆರಿತು. ಬಹಳ ಹೊತ್ತಾದ ಮೇಲೆ ಹಲಗೆ ಸರಿದಂಥ ಒಂದು ಸಣ್ಣ ಸದ್ದಾಯಿತು. ಕೆಳಗೆ ನೀರಿನಲ್ಲಿ ಏನೋ ಬಿದ್ದಂತಾಯಿತು. ದೊಡ್ಡ ಮೀನು ಹಾರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ನಡುಗಂಬ ಕಿರುಗುಟ್ಟಿತು.

ಕಿರ್ರ್... ಕಿರ್ರ್.

ಎರಡು ಸಲ. ಹನುಮಂತನ ಹೆಸರು ಬಾಯಿಗೆ ಬಂದದ್ದೇ, ಬಿಡಲಿಲ್ಲ.

ಕಿರ್ರ್... ಕಿರ್ರ್. ಈ ಸಲ ಜೋರಾಗಿ. ಮಾಡಿನ ಹಂಚು ಕೂಡ ಅಲುಗಿತು.

"ಹೊನ್ನಪ್ಪ" ಎಂದು ಕೂಗಬೇಕೆನಿಸಿತು. ಕೂಗುವ ಬದಲು ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಆದರೂ ಹಲಗೆಯ ನೆಲದ ಮೂಲಕ ಬೆನ್ನಿಗೆ ತಿಳಿಯುತ್ತಿತ್ತು. ಮತ್ತೆ ಎರಡು ಸಲ, ನಿಧಾನವಾಗಿ. ಸ್ವಲ್ಪ ಬಿಟ್ಟು ಇನ್ನೊಂದು.

ಒಂದೇ ಸಲ.

ಆಮೇಲೆ ಕಂಬ ಸುಮ್ಮನಾಯಿತು. ಬೆಳಗಿನವರೆಗೆ ನೀರಿನ ಚಳಕ್ ಚಳಕ್ ಬಿಟ್ಟರೆ ಏನೂ ಕೇಳಲಿಲ್ಲ.

ಬಾಗಿಲ ಸಂದಿಯಲ್ಲಿ ಬೆಳಕು ಕಂಡ ಮೇಲೆ ಕಂಬಳಿ ಸರಿಸಿದೆ. ಅವನ ಮುಸುಕು ಅಲ್ಲೇ ಇತ್ತು, ಒಳಗೆ ಅವನಿರಲಿಲ್ಲ. ನೆಲದ ಬಾಯಿಯ ಒಂದು ಹಲಗೆ ಪಕ್ಕಕ್ಕಿತ್ತು. ಕಂಬದಿಂದ ಹಗ್ಗ ಬಿಗಿಯಾಗಿ ಕೆಳಗೆ ಇಳಿದಿತ್ತು.

ಆಗ ನನಗೆ ಅರ್ಥವಾಯಿತು. ದೇವರೇ, ಆಗ ಅರ್ಥವಾಯಿತು. ರಾತ್ರಿಯೆಲ್ಲ ನಾನು ಸತ್ತವನಿಗೆ ಹೆದರಿ ಮಲಗಿದ್ದೆ. ಕಂಬವನ್ನು ಜಗ್ಗಿದವನು ಬದುಕಿದ್ದ. ಅಣ್ಣನನ್ನು ತರಲು ಇಳಿದವನು, ಎತ್ತಿ ಎಂದು ಮೂರು ಬಾರಿ ಕೇಳಿದ್ದ. ಕೊನೆಗೆ, ಒಂದೇ ಸಲ ಜಗ್ಗಿ, ಬಿಡಿ ಎಂದು ಅವನೇ ಹೇಳಿದ್ದ. ಆರು ಹೆಜ್ಜೆ ಆಚೆ ನಾನಿದ್ದೆ. ಎಳೆಯಲು ಈಜು ಬರಬೇಕೆಂದೇನೂ ಇರಲಿಲ್ಲ.

ನನ್ನ ಕೂಗು ಕೇಳಿ, ಆಚೆಯಿಂದ ಮರಳಿದ್ದ ಅದೇ ಅಂಬಿಗ ಓಡಿ ಬಂದ. ಇಬ್ಬರೂ ಸೇರಿ ಎಳೆದೆವು. ಹೊನ್ನಪ್ಪ ಬಂದ. ಸೊಂಟದ ಗಂಟು ಹಾಗೇ ಇತ್ತು. ಗಂಟಿನಾಚೆ ಉಳಿದಿದ್ದ ಮಾರುದ್ದದ ತುದಿಗೆ ಅವನು ಇನ್ನೊಂದು ಕುಣಿಕೆ ಹಾಕಿದ್ದ. ಅಣ್ಣನಿಗೆಂದು. ಕುಣಿಕೆ ಖಾಲಿಯಿತ್ತು.

ಅಂಬಿಗ ಅದನ್ನು ಬಿಡಿಸಲು ಹೋಗಿ ಕೈ ಹಿಂದೆಗೆದ. "ಇದು ಭಾರ ಹೊತ್ತು ಬಿಗ್ದ ಗಂಟು. ಖಾಲಿ ಕುಣಿಕೆ ಹಿಂಗೆ ಬಿಗ್ಯೂದಿಲ್ಲ" ಎಂದ. ನಾನು ಬೆರಳಿಟ್ಟು ನೋಡಿದೆ. ಉಗುರು ಕೂಡ ಒಳಗೆ ಹೋಗಲಿಲ್ಲ. ಕೊನೆಗೆ ಕೊಯ್ಯಬೇಕಾಯಿತು.

ಜಮಾದಾರರು ಮೊದಲ ಲಾಂಚಿಗೆ ಬಂದರು. ಪಂಚನಾಮೆ ಅವರೇ ಹೇಳಿ ಬರೆಸಿದರು. ಬುದ್ಧಿಭ್ರಮಣೆಯ ಭರದಲ್ಲಿ ಕಾವಲಿನವನ ಕಣ್ಣು ತಪ್ಪಿಸಿ ನೀರಿಗೆ ಹಾರಿದ. ಕುಣಿಕೆಯ ಸಂಗತಿ ಬೇಡವೆಂದರು. ಕಂಬದ ಸಂಗತಿ ನಾನು ಅವರಿಗೂ ಹೇಳಲಿಲ್ಲ. ಕೆಳಗೆ ಸಹಿ ನನ್ನದೇ.

ಸುದ್ದಿ ಮುಟ್ಟಿ, ಮಧ್ಯಾಹ್ನದ ಮೋಟಾರಿಗೆ ಮಾದೇವಿ ಬಂದಳು. ಕೂಗಿ ಅಳುತ್ತಾಳೆ, ನನ್ನ ಕಾಲರು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಹಿಡಿದಿದ್ದರೆ ಚೆನ್ನಾಗಿತ್ತು. ಮಗನ ಪಕ್ಕ ಕೂತು, ಸೆರಗಿನಿಂದ ಅವನ ಕಿವಿಯೊಳಗಿನ ಮರಳು ಒರೆಸಿದಳು. ಒಂದು ಕಿವಿ, ಆಮೇಲೆ ಇನ್ನೊಂದು. ಆಮೇಲೆ ತಲೆ ಎತ್ತಿದಳು.

"ಹಗ್ಗ ನಿಮ್ಮ ಕೈಲಿತ್ತಲ್ಲ ಸಾಹೇಬ್ರೆ."

"ಹೂಂ, ಅವ್ವ."

"ನಿಮ್ಮ ಕೈಗೆ ಎಂತಾರೂ ಗೊತ್ತಾತಾ? ಅಂವ ಹೇಳ್ತಿದ್ನಲ್ಲ, ಹಂಗೆ?"

ಜಮಾದಾರರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಬೂಟು ಸರಿದದ್ದು ಕೇಳಿತು. ಹೂಂ ಎಂದರೆ, ಗೊತ್ತಾಗಿಯೂ ಯಾಕೆ ಎಳೆಯಲಿಲ್ಲ ಎಂದು ಕೇಳುತ್ತಾಳೆ. ನೌಕರಿಯ ಭಯವೂ ಇತ್ತು, ಮುಚ್ಚಿಡುವುದೇಕೆ?

"ಇಲ್ಲವ್ವ" ಎಂದೆ. "ಏನೂ ಗೊತ್ತಾಗಿಲ್ಲ."

ಅವಳು ಮಗನ ಕಡೆ ತಿರುಗಿ, ಅವನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು.

"ಹಂಗಾರೆ ಇವಂಗೆ ಹುಚ್ಚೇ ಆಗಿತ್ತು" ಎಂದಳು.

ಅದುವರೆಗೆ ಅವನ ಮಾತನ್ನು ನಂಬಿದ್ದವಳು ಭೂಮಿಯ ಮೇಲೆ ಅವಳೊಬ್ಬಳೇ. ಅದನ್ನೂ ನಾನೇ ಕಿತ್ತುಕೊಂಡೆ.

ಆಮೇಲೆ ಎಷ್ಟೋ ಅಂಬಿಗರನ್ನು ಕೇಳಿದ್ದೇನೆ. ಉಬ್ಬರ ಇಳಿಯುವ ಹೊತ್ತಿನಲ್ಲಿ ನೀರು ಹಗ್ಗವನ್ನು ಹೇಗೆ ಬೇಕಾದರೂ ಆಡಿಸುತ್ತದೆ ಎಂದು ಕೆಲವರು ಹೇಳಿದರು. ಎರಡು ಸಲ ಜಗ್ಗಿ ಕಾಯುವುದಿಲ್ಲ ಎಂದು ಒಬ್ಬ ಹೇಳಿದ. ಯಾರದು ಸರಿಯೋ ನನಗೆ ಗೊತ್ತಿಲ್ಲ. ನೀರೇ ಇದ್ದಿರಬಹುದು. ಎರಡು ವರ್ಷ ಬಿಟ್ಟು ಧೈರ್ಯ ಮಾಡಿ ಮುರ್ಡೇಶ್ವರಕ್ಕೆ ಹೋದೆ, ಅವಳಿಗೆ ನಿಜ ಹೇಳಿಬಿಡೋಣವೆಂದು. ಮನೆಯಲ್ಲಿ ಬೇರೆ ಯಾರೋ ಇದ್ದರು. ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಳು ಎಂದರು.

ಈಗಲೂ ನಿದ್ದೆಯಲ್ಲಿ ಎಡಗೈ ಸೆಳೆದಂತಾಗಿ ಏಳುತ್ತೇನೆ. ಹೆಂಡತಿ ವಾಯು ಎಂದು ಎಣ್ಣೆ ಹಚ್ಚುತ್ತಾಳೆ, ನಾನೂ ಬೇಡ ಅನ್ನುವುದಿಲ್ಲ. ಆದರೆ ಕೈ ಅವಳ ಕೈಯಲ್ಲಿರುವಾಗ ಒಳಗೊಳಗೇ ಒಂದು ಮಾತು ಹೇಳಿಕೊಳ್ಳುತ್ತೇನೆ, ಇವತ್ತು ನಿಮ್ಮೆದುರಿಗೆ ಬಾಯಿ ಬಿಟ್ಟು ಹೇಳುತ್ತೇನೆ. ಗೊತ್ತಾಗಿತ್ತವ್ವ. ನಿನ್ನ ಮಗ ಸುಳ್ಳು ಹೇಳಲಿಲ್ಲ, ನನಗೂ ಗೊತ್ತಾಗಿತ್ತು.